ಹಾಲೇಶಪ್ಪನವರ ಆರದ ಕಂಪ್ಯೂಟರ್

ಹಾಲೇಶಪ್ಪನವರು ಎಂಟು ವರ್ಷ ತಮ್ಮ ಕಂಪ್ಯೂಟರ್ ಆರಿಸಲಿಲ್ಲ. ಹೊನ್ನಾಳಿಯಲ್ಲಿ ನನ್ನ ಪ್ರೆಸ್ಸಿನ ಪಕ್ಕದ ಮಳಿಗೆಯೇ ಅವರ ಡಿಟಿಪಿ ಅಂಗಡಿ. ಅವರು ಅಕ್ಷರ ಕೂರಿಸಿ ಕೊಡಬೇಕು, ನಾನು ಅಚ್ಚು ಹಾಕಬೇಕು. ಆ ಕಂಪ್ಯೂಟರಿನಲ್ಲಿದ್ದದ್ದು ವಿಂಡೋಸ್ ನೈಂಟಿ ಎಯ್ಟ್. ಅದರ ಮಕ್ಕಳು ಮೊಮ್ಮಕ್ಕಳೆಲ್ಲ ಊರಿಗೆ ಬಂದು, ಹಳತಾಗಿ, ಗುಜರಿಗೂ ಹೋದವು. ಇವರದ್ದು ಮಾತ್ರ ಕೂತ ಜಾಗ ಬಿಡಲಿಲ್ಲ.

"ಆರಿಸಿದ್ರೆ ಮತ್ತೆ ಹತ್ತೋದು ಗ್ಯಾರಂಟಿ ಇಲ್ಲಪ್ಪ" ಎನ್ನುತ್ತಿದ್ದರು. ಒಮ್ಮೆ ಅರ್ಧ ದಿನ ಕರೆಂಟು ಹೋಗಿ ಅದು ಆರಿತ್ತಂತೆ. ಮತ್ತೆ ಹೊತ್ತಿಸಲು ಎರಡು ದಿನ ಹಿಡಿಯಿತು. ಆಮೇಲೆ ಒಂದು ಟ್ರ್ಯಾಕ್ಟರ್ ಬ್ಯಾಟರಿ, ಒಂದು ಹಳೇ ಇನ್ವರ್ಟರ್ ತಂದು ಟೇಬಲ್ಲಿನ ಕೆಳಗಿಟ್ಟರು. ಮಾತನಾಡುತ್ತ ಕೂತಿದ್ದರೂ ಅವರ ಬಲಗಾಲು ಕುಣಿಯುತ್ತಲೇ ಇರುತ್ತಿತ್ತು, ಕಿವಿ ಟೇಬಲ್ಲಿನ ಕೆಳಗೇ ಇರುತ್ತಿತ್ತು. ಬೀದಿಯಲ್ಲಿ ಎದುರಾದವರನ್ನು ಊಟ ಆಯಿತಾ ಎಂದು ಕೇಳುತ್ತಿರಲಿಲ್ಲ. "ನಿಮ್ ಕಡೆ ಕರೆಂಟ್ ಐತೇನ್ರಿ?" ಎಂದೇ ಕೇಳುತ್ತಿದ್ದರು.

ಸುತ್ತಲಿನ ನಾಲ್ಕು ತಾಲ್ಲೂಕಿನ ಲಗ್ನಪತ್ರಿಕೆಗಳಲ್ಲಿ ಮುಕ್ಕಾಲು ಪಾಲು ಅವರ ಕೈಯಲ್ಲೇ ಆದವು. ಆದರೆ ಒಂದು ಮದುವೆಯಲ್ಲೂ ಅವರು ಕೊನೆಯ ಪಂಕ್ತಿಯವರೆಗೆ ಕೂತದ್ದಿಲ್ಲ. ಕಂಪ್ಯೂಟರ್ ಬಿಟ್ಟು ಹೋಗುವ ಹಾಗಿರಲಿಲ್ಲವಲ್ಲ. ಸ್ವಂತ ಮಗಳನ್ನು ಚನ್ನಗಿರಿಗೆ ಕೊಟ್ಟರು. ಧಾರೆ ಎರೆದವರು ಹಾಗೇ ಬಸ್ಸು ಹತ್ತಿ ಬಂದುಬಿಟ್ಟರು. ಅವತ್ತು ನನಗೆ ನಿಜವಾಗಿ ಸಿಟ್ಟು ಬಂತು. "ಹಾಲೇಶಣ್ಣ, ಅದೇನ್ ಕಂಪ್ಯೂಟರ್ರೋ, ಕೂಸೋ?" ಎಂದೆ. ಅವರು ಬ್ಯಾಟರಿಗೆ ನೀರು ಹಾಕತೊಡಗಿದರು.

ನಾನು ಅವಸರದ ಮನುಷ್ಯ. ಕೂತಲ್ಲಿ ಕೂರುವುದು ನನ್ನ ಜಾತಕದಲ್ಲಿಲ್ಲ. ಹೊಸ ಫೋನು ಬಂದರೆ ಹಳೆಯದು ಕೈಯಲ್ಲಿ ಚುಚ್ಚುತ್ತದೆ. ಹೊಸ ಕಂಪ್ಯೂಟರ್ ತಂದ ದಿನವೇ ಹಾಲೇಶಣ್ಣನ ಹತ್ತು ಫೈಲುಗಳನ್ನು ಸೀಡಿಗೆ ಹಾಕಿಸಿಕೊಂಡು ಬಂದು ತೆರೆದೆ. ಕನ್ನಡವೆಲ್ಲ ಮಾಯ. ತಲೆಯ ಮೇಲೆ ಗೀಟು ಎಳೆದುಕೊಂಡ ಇಂಗ್ಲಿಷ್ ಅಕ್ಷರ, ನಡುನಡುವೆ ಪೌಂಡಿನ ಗುರುತು. ಆ ಹಳೆಯ ಫಾಂಟಿನ ಅಕ್ಷರಗಳಿಗೆ ಹೊಸ ಕಂಪ್ಯೂಟರಿನಲ್ಲಿ ಮನೆ ಇರಲಿಲ್ಲ. ಹಾಲೇಶಣ್ಣ ಕನ್ನಡಕ ಹಣೆಗೇರಿಸಿಕೊಂಡು ನೋಡಿದರು. ಆಮೇಲೆ ಸಲೀಸಾಗಿ ಓದತೊಡಗಿದರು: "ಕೆರೆಬಿಳಚಿ ವಾಸಿ ಶ್ರೀಮತಿ ಗಂಗಮ್ಮ ಶ್ರೀ ರುದ್ರಪ್ಪನವರು ಮಾಡುವ ವಿಜ್ಞಾಪನೆಗಳು..." ನಾನು ಬಾಯಿ ಬಿಟ್ಟು ನಿಂತಿದ್ದೆ.

"ಇದ್ರಾಗೇನೈತಿ? ಪೌಂಡಿನ ಗುರುತು ಬಂದ್ರೆ ನ, ಪಿ ಬಂದ್ರೆ ಕ. ಎಷ್ಟು ವರ್ಷದಿಂದ ಇದರ ಹೊಟ್ಟೆ ನೋಡೀನಿ ನಾನು."

ಅವರ ಇನ್ನೊಂದು ಅಭ್ಯಾಸವನ್ನು ಹೇಳಲೇಬೇಕು. ಲಗ್ನಪತ್ರಿಕೆಯ ಕೆಳಗೆ 'ಸುಖಾಗಮನ ಬಯಸುವವರು' ಎಂಬ ಪಟ್ಟಿ ಇರುತ್ತದಲ್ಲ, ನಮ್ಮ ಕಡೆ ಮದುವೆಗಳು ಕೆಡುವುದು ಊಟದಲ್ಲಲ್ಲ, ಆ ಪಟ್ಟಿಯಲ್ಲಿ. ಚಿಕ್ಕಪ್ಪನ ಹೆಸರು ದೊಡ್ಡಪ್ಪನ ಹೆಸರಿಗಿಂತ ಮೇಲೆ ಬಂದರೆ ಬೀಗರ ಮುಂದೆಯೇ ಚಪ್ಪಲಿ ಮೆಟ್ಟಿಕೊಂಡು ಹೊರಟುಬಿಡುತ್ತಾರೆ. ಹೆಸರು ಹಿಂದೆಮುಂದೆ ಮಾಡಿದಾಗಲೆಲ್ಲ ಹಾಲೇಶಣ್ಣ ಹಳೆಯದನ್ನು ಅಳಿಸದೆ ಬೇರೆ ಫೈಲು ಮಾಡಿ ಇಡುತ್ತಿದ್ದರು. ತಾಲ್ಲೂಕು, ಊರು, ಮನೆ, ಆಮೇಲೆ ಎಷ್ಟನೇ ಜಗಳ ಎಂಬ ಅಂಕಿ. "ಇವತ್ತು ಹಿಂಗಂದೋರು ನಾಳೆ ಹಂಗಂದಿದ್ವಿ ಅಂತಾರೆ. ಇರ್ಲಿ ಬಿಡು, ಅದೇನು ಅನ್ನ ಕೇಳ್ತೈತಾ?" ಎನ್ನುತ್ತಿದ್ದರು.

ಅನ್ನ ಕೇಳದ ಆ ಫೈಲು ಒಬ್ಬ ಹೆಣ್ಣುಮಗಳ ಅನ್ನವಾಗುತ್ತದೆಂದು ನನಗಂತೂ ಹೊಳೆದಿರಲಿಲ್ಲ.

ಆಕೆ ಶಾಂತಮ್ಮ. ತವರು ನ್ಯಾಮತಿ, ಕೊಟ್ಟದ್ದು ಜಗಳೂರಿನ ಕಡೆ. ಗಂಡ ತೀರಿಕೊಂಡ ಮೂರು ತಿಂಗಳಿಗೆ ಭಾವ ತಿಪ್ಪೇಸ್ವಾಮಿ ಜಗಳೂರಿನ ತಾಲ್ಲೂಕು ಕಚೇರಿಯಲ್ಲಿ ತಕರಾರು ಹಾಕಿದ್ದರು: ಈಕೆ ನನ್ನ ತಮ್ಮನ ಜೊತೆ ಇದ್ದದ್ದು ನಿಜ, ಮದುವೆ ಆಗಿಲ್ಲ. ಗಂಡನ ಪಾಲಿನ ಹೊಲ, ಮನೆ, ಎಲ್ಲವೂ ಆ ಒಂದು ಮಾತಿಗೆ ನಿಂತಿತ್ತು. ಮಗಳ ಶಾಲೆಯ ದಾಖಲೆಯಲ್ಲಿ ಅಪ್ಪನ ಹೆಸರಿತ್ತು. ಮದುವೆಯ ಕುರುಹು ಮಾತ್ರ ಒಂದೂ ಉಳಿದಿರಲಿಲ್ಲ. ಫೋಟೋ ಆಲ್ಬಂ ಭಾವನ ಟ್ರಂಕಿನಲ್ಲಿತ್ತು, ಈಗ ಇಲ್ಲ ಅನ್ನುತ್ತಿದ್ದರು. ಅಪ್ಪ ಅವ್ವ ಇಬ್ಬರೂ ಹೋಗಿದ್ದರು, ಭಾವನ ಎದುರು ಸಾಕ್ಷಿ ಹೇಳಲು ಬೇರೆ ಯಾರೂ ಮುಂದೆ ಬರಲಿಲ್ಲ.

"ಅಪ್ಪ ನಿಮ್ಮಲ್ಲೇ ಪತ್ರಿಕೆ ಹೊಡಿಸಿದ್ರಂತೆ ಅಣ್ಣಾ. ಒಂದಾದ್ರೂ ಉಳಿದೈತಾ ನೋಡ್ರಿ" ಎಂದು ಆಕೆ ಬಾಗಿಲಲ್ಲೇ ನಿಂತು ಕೇಳಿದರು. "ಹೊಲ ಹೋದ್ರೆ ಹೋಗ್ಲಿ. ಇಟ್ಕೊಂಡೋಳು ಅನ್ನಿಸ್ಕೊಂಡು ಮಗಳನ್ನ ಹೆಂಗೆ ಸಾಕ್ಲಿ?"

ಪತ್ರಿಕೆ ಇರಲಿಲ್ಲ. ಫೈಲಿತ್ತು. ಹಾಲೇಶಣ್ಣ ಎರಡು ನಿಮಿಷದಲ್ಲಿ ತೆಗೆದರು. ನಾನು ಅಲ್ಲೇ ಪ್ರಿಂಟು ಹಾಕಿ, ಸಾಲದೆಂದು ಸೀಡಿಯನ್ನೂ ಮಾಡಿ ಕೊಟ್ಟೆ. ಕೆಲಸ ಆಯಿತು, ಇಷ್ಟೇ ತಾನೆ ಎಂದುಕೊಂಡೆ. ನನ್ನ ಅವಸರಕ್ಕೆ ಬೆಂಕಿ ಹಾಕಬೇಕು. ಕಚೇರಿಯ ಸಾಹೇಬರು ಕಾಗದ ತಿರುವಿ ನೋಡಿ, "ಅಮ್ಮಾ, ಇದು ಮೊನ್ನೆ ಹೊಡೆದ ಕಾಗದ" ಎಂದರಂತೆ. ಸೀಡಿಯನ್ನು ಅವರ ಕಂಪ್ಯೂಟರಿಗೆ ಹಾಕಿದರೆ ಮತ್ತದೇ ಪೌಂಡಿನ ಗುರುತು. ತಿಪ್ಪೇಸ್ವಾಮಿ ಅಲ್ಲೇ ಕೂತು ನಕ್ಕರಂತೆ. ಸಾಹೇಬರು ಮುಂದಿನ ಸೋಮವಾರದವರೆಗೆ ಸಮಯ ಕೊಟ್ಟಿದ್ದರು.

ಹಾಲೇಶಣ್ಣ ಎರಡು ದಿನ ಯಾವ ಪತ್ರಿಕೆಯನ್ನೂ ಕೂರಿಸಲಿಲ್ಲ. ಕಾಲು ಮಾತ್ರ ಕುಣಿಯುತ್ತಿತ್ತು. ಭಾನುವಾರ ಸಂಜೆ ನನ್ನ ಪ್ರೆಸ್ಸಿಗೆ ಬಂದು, "ನಿನ್ ವ್ಯಾನು ನಾಳೆ ಖಾಲಿ ಐತಾ? ಇದನ್ನ ಹಿಂಗೇ ಹೊತ್ಕೊಂಡು ಹೋಗಾನ" ಎಂದರು.

"ಹಿಂಗೇ ಅಂದ್ರೆ?"

"ಹತ್ಕೊಂಡಿದ್ದ ಹಂಗೇ. ಆರಿಸಿ ಒಯ್ದರೆ ಅಲ್ಲಿ ಹತ್ತದೇ ಹೋದ್ರೆ ಆಯಮ್ಮನ ಗತಿ?"

ಹೊನ್ನಾಳಿಯಿಂದ ಜಗಳೂರು ಹತ್ತಿರದ ದಾರಿಯಲ್ಲ. ವ್ಯಾನಿನ ಹಿಂದೆ ಬ್ಯಾಟರಿ, ಇನ್ವರ್ಟರ್, ಮಾನಿಟರ್. ಹಿಂದಿನ ಸೀಟಿನಲ್ಲಿ ಶಾಂತಮ್ಮ. ಮುಂದೆ ನನ್ನ ಪಕ್ಕ ಹಾಲೇಶಣ್ಣ, ತೊಡೆಯ ಮೇಲೆ ಕೌದಿ ಮಡಚಿಟ್ಟು, ಅದರ ಮೇಲೆ ಗುಂಯ್ ಎನ್ನುತ್ತಿದ್ದ ಕಂಪ್ಯೂಟರ್. ಒಳಗಿನ ಡಿಸ್ಕು ತಿರುಗುತ್ತಿರುವಾಗ ಜೋರಾಗಿ ಕುಲುಕಿದರೆ ಎಲ್ಲ ಅಳಿಸಿಹೋಗುತ್ತದೆಂದು ಅವರ ಭಯ. "ಹಂಪು ಬಂತು, ಹಂಪು ಬಂತು" ಎಂದು ಅರ್ಧ ಮೈಲಿ ಮುಂಚೆಯೇ ಶುರು ಮಾಡುತ್ತಿದ್ದರು. ನನ್ನನ್ನು ಹಿಂದಿಕ್ಕಿ ಎಮ್ಮೆಗಳು ಹೋದವು, ಒಬ್ಬ ಸೈಕಲ್ಲಿನವನೂ ಹೋದ. ನನ್ನ ಜನ್ಮದಲ್ಲೇ ಅಷ್ಟು ನಿಧಾನ ಗಾಡಿ ಓಡಿಸಿಲ್ಲ. ಹಿಂದೆ ಶಾಂತಮ್ಮ ಬ್ಯಾಟರಿಯ ಮೇಲೆ ಕೈಯಿಟ್ಟುಕೊಂಡು ಕೂತಿದ್ದರು.

ಕಚೇರಿಯ ಮೇಜಿನ ಮೇಲೆ ಎಲ್ಲ ಜೋಡಿಸಿದೆವು. ಹಾಲೇಶಣ್ಣ ಮೌಸು ಮುಟ್ಟಿದ್ದೇ ತಡ, ಪರದೆ ನಿಂತುಹೋಯಿತು. ಅದೇನು ಹೊಸತಲ್ಲ, ಅಂಗಡಿಯಲ್ಲೂ ದಿನಕ್ಕೆರಡು ಸಲ ಹಾಗಾಗುತ್ತಿತ್ತು, ಕರೆಂಟು ತಪ್ಪಿಸದೆ ರೀಸ್ಟಾರ್ಟ್ ಮಾಡಿದರೆ ಸರಿಹೋಗುತ್ತಿತ್ತು. ಆದರೆ ಆ ನಾಲ್ಕೈದು ನಿಮಿಷ ನಾನು ಇನ್ವರ್ಟರಿನ ವೈರನ್ನೇ ಹಿಡಿದು ನಿಂತಿದ್ದೆ. ತಿಪ್ಪೇಸ್ವಾಮಿ ಆಕಳಿಸಿ, "ಸಾಹೇಬ್ರೇ, ಇವರ ಡಬ್ಬ ಕಾಯ್ಕೊಂಡು ಕೂರಾಕೆ ನಮಗೆ ಬ್ಯಾರೆ ಕೆಲಸ ಇಲ್ವಾ?" ಎಂದರು.

ಬಂತು. ಫೈಲುಗಳು ಮೂರು, ಪಕ್ಕದಲ್ಲಿ ಇಪ್ಪತ್ತು ವರ್ಷ ಹಿಂದಿನ ತಾರೀಕು. ಮೂರನೆಯದನ್ನು ತೆರೆದಾಗ ಪರದೆಯ ತುಂಬ ಕನ್ನಡ. ಗಣಪತಿ, ಮುಹೂರ್ತ, ಶಾಂತಮ್ಮನ ಹೆಸರು, ಗಂಡನ ಹೆಸರು. ಹಾಲೇಶಣ್ಣ ಕೆಳಗಿನ ಪಟ್ಟಿಗೆ ಇಳಿಸಿ ಗಟ್ಟಿಯಾಗಿ ಓದಿದರು.

"ಸುಖಾಗಮನ ಬಯಸುವವರು. ಒಂದನೇ ಹೆಸರು, ಶ್ರೀ ತಿಪ್ಪೇಸ್ವಾಮಿ, ವರನ ಅಣ್ಣ."

ತಿಪ್ಪೇಸ್ವಾಮಿ ಕತ್ತು ಚಾಚಿ ಪರದೆ ನೋಡಿದರು. ಹಾಲೇಶಣ್ಣ ಅವರ ಕಡೆ ತಿರುಗಿದರು. ದನಿಯಲ್ಲಿ ಸಿಟ್ಟಿರಲಿಲ್ಲ, ಗಿರಾಕಿಗೆ ಪ್ರೂಫ್ ತೋರಿಸುವವರ ಹಾಗೆಯೇ ಹೇಳಿದರು. "ನೆನಪೈತಾ ಸ್ವಾಮಿ? ಮೊದಲನೇ ಫೈಲಿನಾಗೆ ನಿಮ್ಮ ಹೆಸ್ರು ನಾಲ್ಕನೇದಿತ್ತು. ಜಗಳೂರಿಂದ ಬಂದು ನನ್ ಟೇಬಲ್ ಗುದ್ದಿದ್ರಿ. ಎರಡನೇದ್ರಾಗೆ ಎರಡಕ್ಕೆ ತಂದೆ, ಅದಕ್ಕೂ ಒಪ್ಪಲಿಲ್ಲ. ಮೂರನೇದ್ರಾಗೆ ಮೊದ್ಲು ಮಾಡಿದ್ಮೇಲೆ ಚಾ ಕುಡಿದು ಎದ್ರಿ. ಮೂರೂ ಇಲ್ಲೇ ಅದಾವೆ."

ಸಾಹೇಬರು ಒಂದೊಂದನ್ನೇ ತೆರೆಸಿ ನೋಡಿದರು. "ಹೆಸರು ನಿಮ್ಮದೇ ಏನ್ರಿ?"

"ಹೆಸ್ರೇನೋ ನಂದೇ..." ಎಂದರು ತಿಪ್ಪೇಸ್ವಾಮಿ. ಸ್ವಲ್ಪ ಹೊತ್ತಿಗೆ ತಕರಾರಿನ ಅರ್ಜಿ ವಾಪಸು ತೆಗೆದುಕೊಳ್ಳುವುದಾಗಿ ಬರೆದುಕೊಟ್ಟರು. ಶಾಂತಮ್ಮ ಗೋಡೆಗೆ ಒರಗಿ ಸೆರಗಿನಿಂದ ಮುಖ ಮುಚ್ಚಿಕೊಂಡಿದ್ದರು.

ಆಕೆಯನ್ನು ಅಲ್ಲೇ ಬಿಟ್ಟು ಹೊರಟೆವು. ದಾವಣಗೆರೆ ಹತ್ತಿರ ಬರುತ್ತಿದ್ದಂತೆ ಇನ್ವರ್ಟರ್ ಕೀಂಯ್ ಕೀಂಯ್ ಎನ್ನತೊಡಗಿತು. ಎಲ್ಲಾದರೂ ಅಂಗಡಿಗೆ ಹೋಗಿ ಕರೆಂಟು ಕೊಡಿಸೋಣವೆಂದು ನಾನು ಗಾಬರಿಯಲ್ಲಿ ಆಕ್ಸಿಲರೇಟರ್ ಒತ್ತುವಷ್ಟರಲ್ಲಿ ತೊಡೆಯ ಮೇಲಿನ ಗುಂಯ್ ನಿಂತುಹೋಯಿತು. ಹಾಲೇಶಣ್ಣ ಅದರ ನೆತ್ತಿಯ ಮೇಲೆ ಅಂಗೈ ಇಟ್ಟುಕೊಂಡು ಕೂತರು. ನನಗೆ ಅಳು ಬಂದಂತಾಯಿತು, ಹೇಳಿಕೊಳ್ಳಲು ನಾಚಿಕೆಯೇನಿಲ್ಲ.

"ಇನ್ನ ಜೋರಾಗಿ ಹೋಗಬೋದು ನೀನು" ಎಂದರು ಕೊನೆಗೆ. ಆಮೇಲೆ, "ಹೊನ್ನಾಳಿಗೆ ಬ್ಯಾಡ. ಚನ್ನಗಿರಿ ಕಡೆ ತಿರುಗಿಸು. ಮಗಳ ಮನೇಗೆ ಹೋಗಾನ."

ಅಪ್ಪನನ್ನು ಗೇಟಿನ ಹತ್ತಿರ ನೋಡಿದ ಮಗಳು, "ಏನಾತಪ್ಪಾ, ಯಾರಿಗೇನಾತು?" ಎಂದು ಓಡಿಬಂದಳು. "ಏನಾಗಿಲ್ಲ. ಊಟಕ್ಕೆ ಬಂದೆ" ಎಂದರು. ಅವತ್ತು ಅಲ್ಲೇ ಉಳಿದರು. ಆಮೇಲೆ ಅಂಗಡಿ ತೆರೆಯಲಿಲ್ಲ. ಆ ಕಂಪ್ಯೂಟರ್ ಮತ್ತೆ ಹತ್ತಲೂ ಇಲ್ಲ.

ನಾನು ಅವರನ್ನು ಕೊನೆಯ ಸಲ ನೋಡಿದ್ದು ಆ ಮನೆಯ ಜಗಲಿಯಲ್ಲೇ. ಕಾಲು ಕುಣಿಯುತ್ತಿರಲಿಲ್ಲ. ನಾನು ಬಿಟ್ಟುಬಿಡದೆ ಹೊಸ ಪ್ರಿಂಟರಿನ ಸಂಗತಿ ಹೇಳುತ್ತಿದ್ದೆ. ನಡುವೆ ಕರೆಂಟು ಹೋಗಿ ಒಳಗೆ ಫ್ಯಾನು ನಿಂತಿತು. ಅರ್ಧ ಎದ್ದವರು, ನನ್ನ ಮುಖ ನೋಡಿ ನಕ್ಕು, ಮತ್ತೆ ಕೂತರು. ಅದಾಗಿ ಎರಡು ತಿಂಗಳಿಗೆ ತೀರಿಕೊಂಡರು.

ಈಚೆಗೆ ಶಾಂತಮ್ಮ ಮಗಳ ಮದುವೆಯ ಪತ್ರಿಕೆ ಮಾಡಿಸಲು ಬಂದಿದ್ದರು. ಕೆಳಗಿನ ಪಟ್ಟಿ ಬಂದಾಗ, "ಮೊದ್ಲು ಹಾಲೇಶಪ್ಪನವರ ಹೆಸ್ರು ಹಾಕ್ರಿ" ಎಂದರು.

"ಅವರು ಹೋಗಿಬಿಟ್ಟಾರಲ್ಲಮ್ಮ. ಮತ್ತೆ, ಸಂಬಂಧಿಕರೂ ಅಲ್ಲ."

"ಕೀರ್ತಿಶೇಷ ಅಂತ ಸೇರಿಸ್ರಿ. ಯಾರ ಮದುವೆಗೂ ಪೂರ್ತಿ ಕೂರ್ಲಿಲ್ಲ ಅವರು. ಕರೆಯೋರ ಸಾಲಿನಾಗಾದ್ರೂ ಕೂರ್ಲಿ." ಆಮೇಲೆ, "ಎರಡನೇದು ನಮ್ ಭಾವಂದು. ಎಷ್ಟಾದ್ರೂ ಹುಡುಗಿಗೆ ದೊಡ್ಡಪ್ಪ" ಎಂದರು.

ಮರುದಿನ ಪ್ರೂಫ್ ನೋಡಲು ಬಂದವರು ತಿಪ್ಪೇಸ್ವಾಮಿ. ಟೇಬಲ್ ಗುದ್ದಿದರೆ ಎಂದು ಮಸಿಯ ಡಬ್ಬ ಪಕ್ಕಕ್ಕೆ ಸರಿಸಿ ಪ್ರೂಫ್ ಮುಂದಿಟ್ಟೆ. ಅವರು ಬೆರಳಿಟ್ಟು ತಮ್ಮ ಹೆಸರು ಹುಡುಕಿದರು, ಎರಡನೆಯ ಸಾಲಿನಲ್ಲಿ ಸಿಕ್ಕಿತು. ಬೆರಳು ಮೇಲಿನ ಸಾಲಿಗೆ ಹೋಗಿ, ಅಲ್ಲೇ ಸ್ವಲ್ಪ ಹೊತ್ತು ನಿಂತಿತು.

"ಸರಿ ಐತಿ. ಹೊಡೀರಿ" ಎಂದರು.