ಬುಡ ಮೇಲಾದ ಕಂಬ

ನಾನು ಈ ಊರಿಗೆ ಮೇಷ್ಟರಾಗಿ ಬಂದ ಮೊದಲ ವರ್ಷ, ಹಿರಿಯರೆಂದು ಎಲ್ಲರೂ 'ಪಾಕ್' ಎನ್ನುವ ಜಾನಿರ್ ದಿನವೂ ಹೊಂಡದ ದಡದಲ್ಲಿ ಕೂತಿರುವುದನ್ನು ಕಂಡು, ಪಾಪ, ಮೀನು ಹಿಡಿಯಲೂ ಬಾರದ ಸೋಮಾರಿ ಎಂದುಕೊಂಡಿದ್ದೆ. ಮರುಕದಿಂದ ಒಂದು ಗಾಳವನ್ನೂ ಕೊಟ್ಟೆ. ಅವರು ತೆಗೆದುಕೊಂಡು ಪಕ್ಕಕ್ಕಿಟ್ಟರು. ಊರಿನ ಹಿರಿಯ ಬಡಗಿ ಅವರೇ, ಹುಳು ಹಿಡಿಯದಿರಲೆಂದು ನಾಲ್ಕು ವರ್ಷದಿಂದ ಆ ಹೊಂಡದ ಕೆಸರಲ್ಲಿ ನೆನೆಹಾಕಿದ್ದ ಇಡೀ ಮರಗಳನ್ನು ಕಾಯುತ್ತಿದ್ದಾರೆ ಎಂದು ಆಮೇಲೆ ತಿಳಿಯಿತು.

ಆ ಮರಗಳು ಅವರ ತಂಗಿ ರಾಬಿಯಾ ಅವರ ದೊಡ್ಡಮನೆಗೆ. ನಮ್ಮ ಮಿನಾಂಗ್‌ಕಬಾವ್ ಸೀಮೆಯಲ್ಲಿ ಮನೆ ಹೆಂಗಸರದ್ದು. ಕಟ್ಟುವ ಬೆನ್ನುನೋವಷ್ಟೇ ಗಂಡಸರದ್ದು. ಎಪ್ಪತ್ತರ ಜಾನಿರ್‌ಗೆ ಮೊಣಕಾಲು ಊದಿತ್ತು. ಈ ಮನೆಯೊಂದನ್ನು ಕಟ್ಟಿ ನಿಲ್ಲಿಸಿದರೆ ಮತ್ತೆ ಉಳಿ ಮುಟ್ಟುವುದಿಲ್ಲ ಎಂದಿದ್ದರು.

ಮೊದಲ ಕಂಬ ಎತ್ತುವ ದಿನ ಅವರು ಕುಂಟುತ್ತ ಬರುವಷ್ಟರಲ್ಲಿ ಕುಲದ ಯಜಮಾನ ದಾತುಕ್ ರಾಜೋ ಭಾಷಣ ಮುಗಿಸಿದ್ದರು. "ಬುಡ ಈ ಕಡೆ" ಎಂದು ಬೆತ್ತದಿಂದ ತೋರಿಸಿದ್ದೂ ಅವರೇ. ಊರೆಲ್ಲ ಸೇರಿ ಹಗ್ಗ ಜಗ್ಗಿ ನಿಲ್ಲಿಸಿಯೂ ಆಗಿತ್ತು. ಬುಡಕ್ಕೆ ಕೊರೆದಿದ್ದ ಗುರುತನ್ನು ಕೆಸರು ತಿಂದುಹಾಕಿತ್ತು.

ಜಾನಿರ್ ಕಂಬ ಸವರಿದರು. ಮೇಲೆ ನೋಡಬೇಕಾದ, ಕೊಂಬೆ ಕಡಿದ ಗಂಟುಗಳೆಲ್ಲ ನೆಲ ನೋಡುತ್ತಿದ್ದವು. ನಿಟ್ಟುಸಿರುಬಿಟ್ಟು ಅಲ್ಲೇ ಕೂತರು.

"ಇಳಿಸಿ. ಬುಡ ಮೇಲಾಗಿದೆ."

"ಏನಯ್ಯಾ, ನಾನೇ ನಿಂತು ತೋರಿಸಿದ್ದೀನಿ!" ಎಂದರು ದಾತುಕ್.

"ನೀವು ಸರಿಯಾಗೇ ನಿಂತಿದ್ರಿ ದಾತುಕ್. ಮರ ತಲೆಕೆಳಗಾಗಿ ನಿಂತಿದೆ."

"ಮಾಡು ಹೊದಿಸಿದ ಮೇಲೆ ಯಾರಿಗೆ ಕಾಣುತ್ತೆ?"

ಮರ ಕಾಡಿನಲ್ಲಿ ಹೇಗಿತ್ತೋ ಹಾಗೇ ನಿಲ್ಲಬೇಕು. ತಲೆಕೆಳಗಾದರೆ ಬೇಗ ಟೊಳ್ಳಾಗಿ ಮನೆಯನ್ನೇ ಕೆಡವುತ್ತದೆ ಎಂದು ಬಡಗಿಗಳ ನಂಬಿಕೆ. ಅಡುಗೆಯ ಕಡೆಯಿಂದ ರಾಬಿಯಾ ಸೌಟು ಹಿಡಿದೇ ಬಂದರು.

"ಅಣ್ಣಾ, ಖಂಡಿತಾನಾ?"

"ಹೂಂ."

"ಹಾಗಾದ್ರೆ ಇಳಿಸ್ರೋ. ದಾತುಕ್, ಬೈಯೋದಿದ್ರೆ ಊಟ ಆದ್ಮೇಲೆ ಬೈಯಿರಿ. ಈಗ ಹಗ್ಗ ಹಿಡೀರಿ."

ಇಳಿಸಿ, ತಿರುಗಿಸಿ, ಮತ್ತೆ ಎತ್ತುವಷ್ಟರಲ್ಲಿ ಸಂಜೆಯಾಯಿತು. ದಾತುಕ್ ಭಾಷಣವನ್ನೂ ಇನ್ನೊಮ್ಮೆ ಮಾಡಿದರು, ಮೊದಲಿಗಿಂತ ಉದ್ದವಾಗಿ. ಅಂಗೈ ಸುಲಿದುಕೊಂಡ ನಾನು ಜಾನಿರ್ ಪಕ್ಕ ಕುಸಿದೆ.

"ಪಾಕ್, ಕಾಲು ಇಷ್ಟು ನೋಯ್ತಿತ್ತು. ಸುಮ್ನೆ ಹೋಗಿ ಮಲಗಬಹುದಿತ್ತಲ್ಲ?"

"ನಾನು ಮಲಗೋದು ಚಾಪೆ ಮೇಲೆ, ಮೇಷ್ಟ್ರೇ. ಆ ಕಂಬ ಮಲಗಿದ್ರೆ ನನ್ನ ತಂಗಿ ಮೇಲೆ."