ನನಗೆ ದಕ್ಕದೆ ಹೋದ ಮನೆ

ಐವತ್ತೆಂಟನೆಯ ಇಸವಿಯ ಬೇಸಿಗೆ. ನಾನಾಗ ಕಡಬದ ಕಡೆಯ ಒಂದು ಸಣ್ಣ ಆಸ್ಪತ್ರೆಯಲ್ಲಿ ಹೆರಿಗೆ ನರ್ಸ್ ಆಗಿದ್ದೆ. ಗಂಡ ತೀರಿಕೊಂಡ ಮೇಲೆ ಮಂಗಳೂರಿನಲ್ಲಿ ತರಬೇತಿ ಪಡೆದು, ಕಣ್ಣು ಮಂಜಾದ ಅಮ್ಮನನ್ನು ಕರೆದುಕೊಂಡು ಆ ಊರಿಗೆ ಬಂದಿದ್ದೆ. ಪೇಟೆಯ ಹಿಂದೆ ಒಂದು ಬಾಡಿಗೆ ಬಿಡಾರದಲ್ಲಿ ನಮ್ಮ ವಾಸ.

ಬಿಡಾರದ ಒಡತಿ ಕೆಟ್ಟವರೇನಲ್ಲ. ಆದರೆ ನಾನು ಹೆರಿಗೆಮನೆಗಳಿಂದ ಬಂದು ಅವರ ಬಾವಿಯ ನೀರು ಸೇದುವುದು ಅವರಿಗೆ ಹಿಡಿಸುತ್ತಿರಲಿಲ್ಲ. ಒಂದು ಬೆಳಿಗ್ಗೆ ಅಂಗಳದಲ್ಲೇ ನಿಂತು, "ಅಮೆ ಉಂಟಲ್ಲ ನರ್ಸಮ್ಮ. ನಮ್ಮದು ದೈವ ನಂಬಿದ ಮನೆ. ಮಳೆಗಾಲದೊಳಗೆ ಬೇರೆ ಕಡೆ ನೋಡಿಕೊಳ್ಳಿ" ಎಂದರು. ಹೆರಿಗೆಯ ಮೈಲಿಗೆಯನ್ನು ನಮ್ಮ ಕಡೆ ಅಮೆ ಎನ್ನುತ್ತಾರೆ. ಅವರ ಮಗಳ ಹೆರಿಗೆ ಮಾಡಿಸಿದವಳೂ ನಾನೇ.

ಹೀಗೆ ಬಿಡಾರ ಬಿಡಬೇಕಾಗಿ ಬಂದದ್ದು ಅದೇ ಮೊದಲಲ್ಲ. ಅಮ್ಮ ತನ್ನ ಚಿನ್ನದ ಬಳೆಗಳನ್ನು ಕಳಚಿ ನನ್ನ ಕೈಗಿಟ್ಟಳು. "ಬಾಡಿಗೆ ಸಾಕು. ಸಣ್ಣದಾದರೂ ಅಡ್ಡಿಯಿಲ್ಲ, ನಮ್ಮದೇ ಒಂದು ಮನೆ ಮಾಡು" ಎಂದಳು.

ಆಗ ನೆರವಿಗೆ ಬಂದವರು ಮೋನು ಬ್ಯಾರಿ. ಬಟ್ಟೆಯ ಗಂಟು ತಲೆಯ ಮೇಲಿಟ್ಟುಕೊಂಡು ಹಳ್ಳಿ ಹಳ್ಳಿ ಸುತ್ತುವ ವ್ಯಾಪಾರಿ. ಯಾವ ಮೂಲೆಯಲ್ಲಿ ಯಾವ ಮನೆ ಖಾಲಿ ಇದೆಯೆಂದು ಅವರಿಗೆ ಗೊತ್ತಿತ್ತು. ರಜೆ ಸಿಕ್ಕಿದಾಗಲೆಲ್ಲ ಅವರ ಹಿಂದೆ ನಡೆದೆ. ನೆಟ್ಟಣದ ಹತ್ತಿರ ನೋಡಿದ ಮನೆಗೆ ನೀರೇ ಇರಲಿಲ್ಲ. ಇನ್ನೊಂದು ಕಡೆ ಮನೆಯ ಯಜಮಾನರು ಎಲ್ಲ ತೋರಿಸಿದ ಮೇಲೆ, "ಪತ್ರ ಯಾರ ಹೆಸರಿಗೆ ಮಾಡುದು? ಗಂಡಸರು ಯಾರು?" ಎಂದು ಕೇಳಿದರು. ನನ್ನ ಹೆಸರಿಗೇ ಎಂದೆ. ಅವರು ಬ್ಯಾರಿಯ ಮುಖ ನೋಡಿ ನಕ್ಕು ಒಳಗೆ ಹೋದವರು ಮತ್ತೆ ಹೊರಗೆ ಬರಲಿಲ್ಲ. ಕೈಗೆಟಕುವ ಬೆಲೆಯ ಮನೆಗೆ ಏನಾದರೊಂದು ಕೊರತೆ, ಕೊರತೆಯಿಲ್ಲದ ಮನೆಗೆ ನನ್ನ ಕೈ ಎಟಕುತ್ತಿರಲಿಲ್ಲ.

ಕೊನೆಗೆ ಒಂದು ದಿನ ಬ್ಯಾರಿ, "ಕುಶಾಲಪ್ಪ ಗೌಡ್ರದ್ದು ಒಂದು ಮನೆ ಉಂಟು. ಅವರು ಈಗ ಕೆಳಗೆ ತಮ್ಮನ ಮನೆಯಲ್ಲಿ ಇರುದು. ನಿಮಗೆ ಆಗುವ ಬೆಲೆಯೇ ಹೇಳಿದ್ದಾರೆ. ಕೊಡ್ತೇನೆ ಅಂತ ಮಾತೂ ಕೊಟ್ಟಿದ್ದಾರೆ" ಎಂದರು. ಅಮ್ಮನನ್ನೂ ಕರೆದುಕೊಂಡು ಹೋದೆವು.

ಗುಡ್ಡದ ಬದಿಯಲ್ಲಿ, ಗೇರು ಮರಗಳ ನಡುವೆ ಹಂಚಿನ ಮನೆ. ಆ ಬಿಸಿಲುಗಾಲದಲ್ಲೂ ಬಾವಿಯಲ್ಲಿ ಒಳ್ಳೆಯ ನೀರು. ಗೌಡರು ನಮಗೆ ಬೆಲ್ಲ, ನೀರು ಕೊಟ್ಟು ಬಾಗಿಲುಗಳನ್ನು ತೆರೆದರು. ಅಮ್ಮ ಗೋಡೆ ಸವರುತ್ತ ಅಡುಗೆಮನೆಯಿಂದ ಜಗಲಿಯವರೆಗೂ ಒಬ್ಬಳೇ ನಡೆದಳು. ಜಗಲಿಯಲ್ಲಿ ಕುಳಿತು, "ಇಲ್ಲಿ ನನಗೆ ಕಣ್ಣೇ ಬೇಡ" ಎಂದಳು. ಅವಳು ಅಷ್ಟು ಸಂತೋಷದಿಂದ ಮಾತನಾಡಿದ್ದನ್ನು ಕೇಳಿ ಬಹಳ ದಿನಗಳಾಗಿದ್ದವು.

"ನೀವು ಟೀಚರಾ?" ಎಂದು ಗೌಡರು ಕೇಳಿದರು. ಬ್ಯಾರಿ ಸರ್ಕಾರಿ ನೌಕರಿ ಎಂದಷ್ಟೇ ಹೇಳಿದ್ದರಂತೆ.

"ಅಲ್ಲ, ಹೆರಿಗೆ ನರ್ಸ್" ಎಂದೆ.

ಗೌಡರು ಅದುವರೆಗೆ ತೋರಿಸದೆ ಉಳಿಸಿದ್ದ ಒಂದು ಕೋಣೆಯ ಬಾಗಿಲು ತೆರೆದು, ಹೊಸ್ತಿಲ ಹೊರಗೇ ನಿಂತರು. ಒಳಗೆ ಒಂದು ಬರೀ ಮಂಚವಿತ್ತು.

"ನನ್ನ ಮಗಳು ಹೋದದ್ದು ಇಲ್ಲಿ. ಚೊಚ್ಚಲು. ಮಗು ಬಂತು, ಆಮೇಲೆ ರಕ್ತ ನಿಲ್ಲಲೇ ಇಲ್ಲ. ಆಗ ಈ ಕಡೆ ಆಸ್ಪತ್ರೆ ಇಲ್ಲ. ನೋವು ಶುರುವಾದ ರಾತ್ರಿಯೇ ಪುತ್ತೂರಿನಿಂದ ನರ್ಸನ್ನು ಕರ್ಕೊಂಡು ಬರುವ ಅಂತ ತಮ್ಮ ಹೇಳಿದ. ಹೊಳೆ ದಾಟಬೇಕಲ್ಲ, ಬೆಳಗಾಗಲಿ ಅಂತ ನಾನೇ ಅಂದದ್ದು." ನನ್ನ ಕಡೆ ತಿರುಗಿ ಕೇಳಿದರು: "ಆ ದಿನ ನಿಮ್ಮಂಥವರು ಒಬ್ಬರು ಇದ್ದಿದ್ರೆ ಅವಳು ಉಳೀತಿದ್ಲಾ?"

ಬ್ಯಾರಿ ನನ್ನತ್ತ ನೋಡಿ, ಇಲ್ಲ ಎನ್ನಿ ಎಂಬಂತೆ ತಲೆ ಆಡಿಸಿದರು. ನನಗೂ ಹಾಗೆಯೇ ಹೇಳಿಬಿಡಬೇಕು ಅನ್ನಿಸಿತು. ಆದರೆ ಅಂಥ ರಕ್ತಸ್ರಾವವನ್ನು ನಾನೇ ಕೆಲವು ಸಲ ನಿಲ್ಲಿಸಿದ್ದೆ. ಅವರ ಮುಖ ನೋಡುತ್ತ ಸುಳ್ಳು ಹೇಳಲಾಗಲಿಲ್ಲ.

"ನೋಡದೆ ಹೇಳಲಿಕ್ಕೆ ಆಗುದಿಲ್ಲ ಗೌಡ್ರೆ. ಕೆಲವರು ಉಳೀತಾರೆ."

ಅವರು ಮೆಲ್ಲಗೆ ತಲೆಯಾಡಿಸಿದರು. "ಎಲ್ಲರೂ ಹಣೆಬರಹ ಅಂದ್ರು. ನನಗೆ ಗೊತ್ತಿತ್ತು." ಬಾಗಿಲು ಎಳೆದುಕೊಂಡು ಹೇಳಿದರು, "ನಿಮಗೆ ಈ ಮನೆ ಕೊಡ್ಲಿಕ್ಕೆ ನನ್ನಿಂದ ಆಗುದಿಲ್ಲಮ್ಮ. ನಿಮ್ಮದು ತಪ್ಪಿಲ್ಲ. ನೀವು ಇಲ್ಲಿ ದೀಪ ಹಚ್ಚಿದ್ರೆ ಕೆಳಗಿನಿಂದ ಕಾಣ್ತದೆ. ಅವತ್ತು ಇಲ್ಲದ ನರ್ಸ್ ಇವತ್ತು ಅಲ್ಲೇ ಉಂಟು ಅಂತ ದಿನಾ ನೋಡಿಕೊಂಡು ನಾನು ಹೇಗೆ ಇರುದು?"

"ಎಂತ ಗೌಡ್ರೆ, ಮಾತು ಕೊಟ್ಟಿದ್ರಲ್ಲ ಮಾರಾಯ್ರೆ" ಎಂದು ಬ್ಯಾರಿ ಶುರು ಮಾಡಿದರು. ನಾನು ತಡೆದೆ. ಏನು ವಾದ ಮಾಡುವುದು? ಬಿಡಾರ ಬಿಡಿಸಿದ ಕೆಲಸವೇ ಮನೆಯನ್ನೂ ತಪ್ಪಿಸಿತ್ತು. ಜಗಲಿಯಲ್ಲಿದ್ದ ಅಮ್ಮ ಎಲ್ಲವನ್ನೂ ಕೇಳಿಸಿಕೊಂಡಿದ್ದಳು. ಗುಡ್ಡ ಇಳಿಯುವಾಗ ನನ್ನ ಕೈ ಹಿಡಿದುಕೊಂಡು, "ಇಲ್ಲ ಅಂದಿದ್ರೆ ಆಗ್ತಿತ್ತಲ್ಲ ಮಗಾ" ಎಂದಳು. ಬೈಗುಳದಂತೆ ಅಲ್ಲ. ಸುಮ್ಮನೆ ಹೇಳಿದಳು.

ಮಳೆ ಹಿಡಿಯುವ ಮೊದಲು ಒಂದು ದಿನಸಿ ಅಂಗಡಿಯ ಹಿಂಬದಿಯ ಕೋಣೆ ಸಿಕ್ಕಿತು. ಕಿಟಕಿಯಿಲ್ಲದ ಕೋಣೆ. ಅಮ್ಮ ಆ ಮಳೆಗಾಲದಲ್ಲಿ ಅಲ್ಲೇ ತೀರಿಕೊಂಡಳು. ಅಂಗಡಿ ತೆರೆಯುವ ಮೊದಲು ಹೆಣ ಸಾಗಿಸಿದರೆ ಒಳ್ಳೆಯದಿತ್ತು ಎಂದು ಅಂಗಡಿಯವರು ಸಂಕೋಚದಿಂದಲೇ ಹೇಳಿದರು. ಬ್ಯಾರಿ ಓಡಾಡಿ ಜನ ಕೂಡಿಸಿದರು.

ಕೆಲವು ವರ್ಷಗಳ ನಂತರ, ಗುಂಡ್ಯದ ಕಾಡಿನಲ್ಲಿ ಮರ ಕಡಿಯುವ ಕೂಪಿನ ಕೆಲಸ ಮಾಡುವ ಒಬ್ಬ ಯುವಕ ಆಸ್ಪತ್ರೆಗೆ ಬಂದು ನನ್ನನ್ನು ಕರೆದ. ಅವನ ಹಿಂದೆ ಗುಡ್ಡ ಹತ್ತುವಾಗ ದಾರಿಯ ಗುರುತು ಹತ್ತಿತು. ಅದೇ ಮನೆ, ಅದೇ ಕೋಣೆ. ಅವನ ಹೆಂಡತಿಗೆ ನೋವಿನ್ನೂ ಸರಿಯಾಗಿ ಶುರುವಾಗಿರಲಿಲ್ಲ. ಇಷ್ಟು ಬೇಗ ಯಾಕೆ ಕರೆದದ್ದು ಎಂದು ಕೇಳಿದೆ.

"ಮನೆ ಕೊಡುವಾಗ ಗೌಡ್ರು ಹೇಳಿದ್ರಮ್ಮ. ಹೆಂಗಸಿಗೆ ದಿನ ತುಂಬಿದ್ರೆ ಬೆಳಗಾಗಲಿ ಅಂತ ಕೂರಬೇಡ, ಆಸ್ಪತ್ರೆಯ ನರ್ಸಮ್ಮನನ್ನು ಮೊದಲೇ ಕರ್ಕೊಂಡು ಬಾ ಅಂತ."

ಮಧ್ಯಾಹ್ನ ಹೆಣ್ಣುಮಗು ಹುಟ್ಟಿತು. ಬಹಳ ರಕ್ತ ಹೋಯಿತು, ಆದರೆ ನಿಂತಿತು. ಮರಳುವಾಗ ಕೆಳಗಿನ ಮನೆಯ ಅಂಗಳದಲ್ಲಿ ಗೌಡರು ನಿಂತಿದ್ದರು. "ಇಬ್ಬರೂ ಚೆನ್ನಾಗಿದ್ದಾರೆ" ಎಂದೆ. ಅವರು ಹೆಗಲ ಬೈರಾಸಿನಿಂದ ಮುಖ ಒರೆಸಿಕೊಂಡು ಒಳಗೆ ಹೋದರು.

ಈಗ ಪುತ್ತೂರಿನಲ್ಲಿ ನನಗೆ ಸ್ವಂತ ಮನೆಯಿದೆ. ಅಂದು ನಾನು ಗೌಡರಿಗೆ ಇಲ್ಲ ಎಂದಿದ್ದರೆ ಆ ಬಾಣಂತಿಯ ಗತಿ ಏನಾಗುತ್ತಿತ್ತೋ ಎಂದು ಮನಸ್ಸಿಗೆ ಸಮಾಧಾನ ಹೇಳಿಕೊಳ್ಳುತ್ತೇನೆ. ಆದರೂ ಸಂಜೆ ಜಗಲಿಯಲ್ಲಿ ಒಬ್ಬಳೇ ಕುಳಿತಾಗ, ಅಮ್ಮ ಗೋಡೆ ಹಿಡಿದು ಒಳಗಿನಿಂದ ಬರುತ್ತಿದ್ದಾಳೆ ಅನ್ನಿಸಿ ತಿರುಗಿ ನೋಡುವುದು ಇನ್ನೂ ತಪ್ಪಿಲ್ಲ.