ನೀರು ಕೊಟ್ಟವರಿಗೆ ಉತ್ತರ

ಖಾನಾಪುರ ತಾಲೂಕಿನ ಕಾಡಂಚಿನ ಹಳ್ಳಿಗಳಲ್ಲಿ ಕುಡಿಯುವ ನೀರು ಹೇಗಿದೆ, ಅದರಿಂದ ಮಕ್ಕಳಿಗೆ ಹೊಟ್ಟೆಬೇನೆ ಬರುತ್ತದೆಯೇ ಎಂದು ಅಧ್ಯಯನ ನಡೆಸುತ್ತಿದ್ದ ಯೋಜನೆಯೊಂದರಲ್ಲಿ ನಾನು ಕೆಲಸಕ್ಕಿದ್ದೆ. ಹಣ ಹೊರದೇಶದ್ದು, ಮುಖ್ಯಸ್ಥರು ಬೆಂಗಳೂರಿನವರು. ಪೀರನವಾಡಿಯ ನನ್ನ ಮನೆಯಿಂದ ಬಸ್ಸು ಹಿಡಿದು ಹೋಗಿ, ಬಾವಿಗಳ ನೀರನ್ನು ಬಾಟಲಿಗೆ ತುಂಬಿಕೊಂಡು ಬಂದು ಬೆಳಗಾವಿಯ ಪ್ರಯೋಗಾಲಯಕ್ಕೆ ಮುಟ್ಟಿಸಬೇಕಿತ್ತು.

ಒಂದು ಊರಿನಲ್ಲಿ, ಬಾವಿಕಟ್ಟೆಯ ಮೇಲೆ ಕೊಡ ಇಟ್ಟುಕೊಂಡು ಕೂತಿದ್ದ ವಯಸ್ಸಾದ ಹೆಂಗಸೊಬ್ಬರು ನನ್ನನ್ನು ತಡೆದರು.

“ಹಿಂದಕೂ ಯಾರೋ ಬಂದು ನೀರ ಒಯ್ದ್ರು. ಅದಕ್ಕೂ ಮೊದ್ಲ ನಮ್ಮ ರಕ್ತಾ ಒಯ್ದಿದ್ರು. ಏನ ಸಿಕ್ತು ಅಂತ ಒಬ್ಬರೂ ಹೊಳ್ಳಿ ಬಂದು ಹೇಳಲಿಲ್ಲ. ನೀವರ ಹೇಳ್ತೀರೇನು?”

“ಹೇಳ್ತೀನ್ರಿ ಆಯಿ.”

“ಖರೇ?”

“ಖರೇನ ರೀ.”

ಅವರು ತಾವೇ ಹಗ್ಗ ಇಳಿಬಿಟ್ಟು ನೀರು ಸೇದಿ ಕೊಟ್ಟರು.

ಆ ಬಾವಿಯ ನೀರಿನಲ್ಲಿ ಮಲದಿಂದ ಸೇರುವ ರೋಗಾಣುಗಳಿವೆ ಎಂದು ಫಲಿತಾಂಶ ಬಂತು. ಊರಿಗೆ ತಿಳಿಸಲು ಅನುಮತಿ ಕೇಳಿ ಮುಖ್ಯಸ್ಥರಿಗೆ ಫೋನ್ ಮಾಡಿದೆ. ಮಳೆಗಾಲ ಮುಗಿದ ಮೇಲೆ ಇನ್ನೊಂದು ಸುತ್ತು ಪರೀಕ್ಷೆ ಬಾಕಿ ಇದೆ, ಈಗಲೇ ಹೇಳಿದರೆ ಜನ ನೀರು ಕಾಯಿಸಿ ಕುಡಿಯುತ್ತಾರೆ, ಎರಡು ಸುತ್ತುಗಳ ಹೋಲಿಕೆ ಕೆಡುತ್ತದೆ ಎಂದರು.

“ಕಾಯಿಸಿ ಕುಡಿಯಲಿ ಅಂತಲೇ ಹೇಳಬೇಕು ಸರ್,” ಎಂದೆ.

“ಅದು ನಿಮ್ಮ ಕೆಲಸವಲ್ಲ,” ಎಂದು ಫೋನ್ ಇಟ್ಟರು.

ಸುಮ್ಮನಿರುವುದು ನನ್ನಿಂದ ಆಗಲಿಲ್ಲ. ಅಧ್ಯಯನದಿಂದ ಜನರಿಗೆ ಕೇಡಾಗದಂತೆ ನೋಡಿಕೊಳ್ಳಲು ನೈತಿಕ ಸಮಿತಿಯೊಂದಿತ್ತು. ಅದರ ಸದಸ್ಯರಲ್ಲಿ ಒಬ್ಬರಾದ ನಿವೃತ್ತ ವೈದ್ಯೆ ಬೆಳಗಾವಿಯಲ್ಲೇ ಇದ್ದರು. ಮರುದಿನ ಅವರ ಮನೆಗೆ ಹೋಗಿ ಎಲ್ಲವನ್ನೂ ಹೇಳಿದೆ.

“ನೀರು ಕೆಟ್ಟದ ಅಂತ ಗೊತ್ತಿದ್ದೂ ಕುಡ್ಯಾಕ ಬಿಡೂದು ಸಂಶೋಧನೆ ಅಲ್ಲ,” ಎಂದರು ಅವರು. “ನಾ ಸಮಿತಿ ಕೂಡಸ್ತೀನಿ. ಆದ್ರ ಅಲ್ಲಿ ನೀವ ಬಂದು ಹೇಳಬೇಕು. ನೌಕರಿಗೆ ತ್ರಾಸ ಆಗಬಹುದು, ವಿಚಾರ ಮಾಡ್ರಿ.”

“ವಿಚಾರ ಮಾಡೇ ಬಂದೀನ್ರಿ,” ಎಂದೆ.

ಸಭೆ ಸೇರಲು ತಿಂಗಳೇ ಹಿಡಿಯಿತು. ಅಲ್ಲಿ ಮುಖ್ಯಸ್ಥರ ಎದುರೇ ಮಾತಾಡಿದೆ. ಊರಿಗೆ ಕೂಡಲೇ ತಿಳಿಸಬೇಕೆಂದು ಸಮಿತಿ ತೀರ್ಮಾನಿಸಿತು.

ಆ ಊರಿನ ಅಂಗನವಾಡಿಯ ಮುಂದೆ ಜನ ಸೇರಿದ್ದರು. ಬಾವಿಯ ನೀರು ಕೆಟ್ಟಿದೆ, ಕಾಯಿಸಿಯೇ ಕುಡಿಯಬೇಕು ಎಂದು ಕನ್ನಡದಲ್ಲಿ ಹೇಳಿ, ಮತ್ತೆ ಮರಾಠಿಯಲ್ಲಿ ಹೇಳಿದೆ. ಅಂದು ನೀರು ಸೇದಿ ಕೊಟ್ಟಿದ್ದ ಆಯಿ ಎದ್ದು ನಿಂತರು.

“ನಿಮಗ ಗೊತ್ತಾಗಿ ಎಷ್ಟ ದಿನಾ ಆತು?”

“ತಿಂಗಳ ಮ್ಯಾಲಾತ್ರಿ.”

“ಅಷ್ಟ ದಿನಾ ನನ್ನ ಮೊಮ್ಮಗಳು ಇದ್ನ ಕುಡದಾಳ.”

ಅವರ ಸಿಟ್ಟು ಇಳಿಯುವವರೆಗೂ ಅಲ್ಲೇ ನಿಂತೆ. ನಂತರ ಎಲ್ಲರೂ ಸೇರಿ ಬಾವಿಯ ಸುತ್ತ ಓಡಾಡಿದೆವು. ಮೇಲಿನ ದಿಬ್ಬದಲ್ಲಿ ಶೌಚದ ಗುಂಡಿಯೊಂದಿತ್ತು, ಮಳೆ ಬಂದರೆ ಅದರ ನೀರು ನೇರ ಬಾವಿಯ ಕಡೆಗೇ ಇಳಿಯುತ್ತಿತ್ತು. ಅದನ್ನು ಮುಚ್ಚಿ, ಕೆಳಗೆ ದೂರದಲ್ಲಿ ಬೇರೆ ಗುಂಡಿ ತೋಡಲು ಆ ಗುಂಡಿಯ ಮನೆಯವರು ಒಪ್ಪಿದರು. ಬಾವಿ ಶುಚಿ ಮಾಡಿಸಲು ಹೆಂಗಸರು ಪಂಚಾಯಿತಿಗೆ ಹೋಗಿ ಕೂತರು, ಕೆಲಸ ಆಗುವವರೆಗೂ ಬಿಡಲಿಲ್ಲ.

ಮಳೆಗಾಲ ಮುಗಿದ ಮೇಲಿನ ಪರೀಕ್ಷೆಯಲ್ಲಿ ಬಾವಿಯ ನೀರು ಚೆನ್ನಾಗಿದೆ ಎಂದು ಬಂತು. ಅದು ಗೊತ್ತಾದ ದಿನವೇ ಊರಿಗೆ ಹೋಗಿ ಹೇಳಿ ಬಂದೆ. ಆಯಿ ಚಹಾ ಕುಡಿಸಿ ಕಳಿಸಿದರು.

ಆ ಯೋಜನೆಯಲ್ಲಿ ನನ್ನನ್ನು ಮುಂದುವರಿಸಲಿಲ್ಲ. ಈಗ ಬೇರೆ ಕಡೆ ಇದೇ ಕೆಲಸ ಮಾಡುತ್ತಿದ್ದೇನೆ. ಸೇರುವ ಮೊದಲು ಒಂದೇ ಪ್ರಶ್ನೆ ಕೇಳಿದ್ದೆ: ಸಿಕ್ಕ ಫಲಿತಾಂಶವನ್ನು ಊರಿನವರಿಗೆ ಯಾರು, ಯಾವಾಗ ಹೇಳುತ್ತಾರೆ? ಸರಿಯಾದ ಉತ್ತರ ಸಿಕ್ಕ ಮೇಲೆಯೇ ಒಪ್ಪಿಕೊಂಡೆ.